ಮುಯ್ಯಿ ತೂಗಿದ ತಕ್ಕಡಿ

ಹೊನ್ನಕಟ್ಟಿಯಲ್ಲಿ ಆ ವರ್ಷ ಒಂದು ಊಟಕ್ಕೆ ನೂರಾಹತ್ತು ರೂಪಾಯಿ. ಎರಡು ಜೋಳದ ರೊಟ್ಟಿ, ಕಾಳುಪಲ್ಯ, ಅನ್ನ, ಸಾರು, ಕೇಳಿದಷ್ಟು ಶೇಂಗಾ ಚಟ್ನಿ. ಹಾಸ್ಟೆಲಿನ ಒಂದು ಮಂಚಕ್ಕೆ ತಿಂಗಳಿಗೆ ಎರಡೂವರೆ ಸಾವಿರ. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಒಂದಾಳಿಗೆ ದಿನಗೂಲಿ ಒಂಬೈನೂರು, ಮೇಲೆ ಮಧ್ಯಾಹ್ನದ ಬುತ್ತಿ. ಒಬ್ಬ ವಿದ್ಯಾರ್ಥಿ ಒಂದು ತಾಸು ತರಗತಿಯಲ್ಲಿ ಕೂತು ಪಾಠ ಕೇಳಿದರೆ ಸರಕಾರ ವಿಶ್ವವಿದ್ಯಾಲಯಕ್ಕೆ ಕೊಡುತ್ತಿದ್ದದ್ದು ಮೂವತ್ತೆಂಟು ರೂಪಾಯಿ. ಬರೀ ಕೂತರೆ ಸಾಲದು, ತಿಳಿಯಲೂ ಬೇಕು. ತಿಳಿಯಿತೋ ಇಲ್ಲವೋ ಎಂದು ತೂಗಿ ಹೇಳುವುದಕ್ಕೆ ತಕ್ಕಡಿ ಇತ್ತು.

ತಕ್ಕಡಿ ಎಂದರೆ ಕಬ್ಬಿಣದ್ದಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಅನುದಾನ ಹಂಚುವ ಯಂತ್ರಬುದ್ಧಿಗೆ ಜನರೇ ಇಟ್ಟ ಹೆಸರು ಅದು. ಹಿಂದೆ ಕೆಲವು ಕಡೆ ಇಲ್ಲದ ಮಕ್ಕಳ ಹೆಸರು ಬರೆದು ದುಡ್ಡೆತ್ತುವುದು ಮಿತಿಮೀರಿದಾಗ ಸರಕಾರ ಇದನ್ನು ತಂದು ಕೂರಿಸಿತ್ತು. ಪ್ರತಿ ಡೆಸ್ಕಿನ ಅಂಚಿಗೂ ಬೆರಳಗಲದ ಒಂದು ಪಟ್ಟಿ. ಅಲ್ಲಿ ಯಾರು ಕೂತರು, ಎಷ್ಟು ಹೊತ್ತು ಕೂತರು ಎಂಬುದು ಅದಕ್ಕೆ ಗೊತ್ತಾಗುತ್ತಿತ್ತು. ವಾರಕ್ಕೊಮ್ಮೆ ಅದು ಪ್ರತಿ ವಿದ್ಯಾರ್ಥಿಯನ್ನೂ ಫೋನಿನಲ್ಲಿ ಮಾತಾಡಿಸುತ್ತಿತ್ತು. ಪಾಠದಲ್ಲಿ ಬಂದ ಒಂದು ವಿಷಯವನ್ನು ಅವರು ತಮ್ಮ ಮಾತಿನಲ್ಲೇ ಬಿಡಿಸಿ ಹೇಳಬೇಕು. ಉತ್ತರ ಸರಿಯೋ ತಪ್ಪೋ ಎಂದಷ್ಟೇ ಅದು ನೋಡುತ್ತಿರಲಿಲ್ಲ. ಎಲ್ಲಿ ತಡವರಿಸಿದರು, ಯಾವ ಉದಾಹರಣೆ ಎತ್ತಿಕೊಂಡರು, ಯಾವ ಮಾತಿನಿಂದ ಯಾವ ಮಾತಿಗೆ ಹೋದರು ಎಂಬುದನ್ನೆಲ್ಲ ಹಿಡಿದಿಡುತ್ತಿತ್ತು. ಅದಕ್ಕೆ ಮಾತಿನ ಜಾಡು ಎನ್ನುತ್ತಿದ್ದರು. ಎರಡು ತಲೆಗಳ ಜಾಡು ಒಂದೇ ತೆರನಾಗಿ ಇರುವುದಿಲ್ಲ ಎಂಬುದು ತಕ್ಕಡಿಯ ನಂಬಿಕೆ. ಇದ್ದರೆ ಎರಡರಲ್ಲಿ ಒಂದು ಹೆಸರು ಖೊಟ್ಟಿ.

ಜನವರಿಯ ಒಂದು ಬೆಳಿಗ್ಗೆ ದಾಕ್ಷಾಯಣಿ ಬಳಿಗಾರ ತನ್ನ ಕೋಣೆಯ ಬಾಗಿಲು ತೆಗೆದು ಗೋಡೆಯ ಪರದೆ ನೋಡಿದಳು. ಹೆಗಲ ಚೀಲವನ್ನು ಇಳಿಸಲೂ ಮರೆತು ನಿಂತಳು. ಆಕೆ ವಿಶ್ವವಿದ್ಯಾಲಯದ ದತ್ತಾಂಶ ಅಧಿಕಾರಿ. ತಕ್ಕಡಿಗೂ ಕ್ಯಾಂಪಸ್ಸಿಗೂ ನಡುವೆ ನಿಂತು ಎರಡೂ ಕಡೆಗೆ ಉತ್ತರ ಹೇಳುವುದು ಆಕೆಯ ಕೆಲಸ. ಪರದೆಯ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಯೂ ಒಂದು ಹಸಿರು ಚುಕ್ಕೆ. ಇವತ್ತು ಅದರಲ್ಲಿ ಕಾಲು ಭಾಗ ಕೆಂಪಾಗಿತ್ತು.

ಕೆಳಗೆ ತಕ್ಕಡಿಯ ಅಚ್ಚುಕಟ್ಟಾದ ಕನ್ನಡದಲ್ಲಿ ಕಾರಣವಿತ್ತು: ‘ಗುರುತಿಸಿದ ನಾನೂರಾ ಆರು ಹೆಸರುಗಳು ತರಗತಿಯಲ್ಲಿ ಅರ್ಧದಷ್ಟು ದಿನ ಮಾತ್ರ ಕುಳಿತಿವೆ. ಆದರೂ ವಿಷಯ ತಿಳಿದಿದೆ. ತಿಳಿದಿರುವುದು ಮತ್ತೊಬ್ಬರ ಮಾತಿನ ಜಾಡಿನಲ್ಲಿದೆ. ಇವು ನಕಲಿ ಹೆಸರುಗಳೆಂದು ಶಂಕಿಸಲಾಗಿದೆ. ಒಂದು ವಾರದೊಳಗೆ ತೆಗೆದುಹಾಕಿ, ಇಲ್ಲವೇ ಸ್ಥಳತೂಕಕ್ಕೆ ಒಪ್ಪಿಕೊಳ್ಳಿ.’

ಸ್ಥಳತೂಕ ಎಂದರೆ ಎದುರೆದುರು ಪರೀಕ್ಷೆ. ಅದರಲ್ಲಿ ಗೆದ್ದರೆ ಎಲ್ಲ ಹೆಸರೂ ಉಳಿಯುತ್ತವೆ. ಸೋತರೆ ಇಡೀ ವಿಶ್ವವಿದ್ಯಾಲಯದ ಅನುದಾನ ಮೂರು ವರ್ಷ ನಿಲ್ಲುತ್ತದೆ, ಅಂದರೆ ಬಾಗಿಲಿಗೆ ಬೀಗ. ರಾಜ್ಯದಲ್ಲಿ ಅಲ್ಲಿಯವರೆಗೆ ಯಾರೂ ಅದಕ್ಕೆ ಒಪ್ಪಿರಲಿಲ್ಲ.

ಕುಲಸಚಿವ ಶೇಷಗಿರಿ ಗುಡಿ ಚಹಾದ ಕಪ್ಪು ಹಿಡಿದೇ ಒಳಗೆ ಬಂದರು. ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು.

“ತೆಗೆದ್ ಹಾಕ್ರಿ ಬಳಿಗಾರ ಮೇಡಂ. ಉಳಿದ ಸಾವಿರದಿನ್ನೂರು ಹುಡುಗರಾದ್ರೂ ಬದುಕ್ಲಿ.”

“ಇವರು ಖರೇನ ಅದಾರ್ರೀ ಸರ್. ಇದರಾಗ ಅರ್ಧಾ ಮಂದಿ ಮುಖಾ ನನಗ ಗೊತ್ತು.”

“ಮುಖಾ ನೋಡಿ ರೊಕ್ಕಾ ಕೊಡಂಗಿದ್ರ ಈ ಮಷೀನ್ ಯಾಕ ಬೇಕಿತ್ತು?” ಎಂದು ಗುಡಿಯವರು ಚಹಾ ಹೀರಿದರು. “ಶುಕ್ರವಾರದತನಾ ವಿಚಾರ ಮಾಡ್ರಿ. ಆಮ್ಯಾಲ ಬಟನ್ ಒತ್ತೂದು ನೀವs. ಅಧಿಕಾರ ನಿಮ್ಮ ಹೆಸರಿಗೈತಿ, ನನಗಿಲ್ಲ.”

ಅದು ನಿಜ. ತೆಗೆಯುವುದಕ್ಕಾಗಲಿ, ಒಪ್ಪುವುದಕ್ಕಾಗಲಿ ಆಕೆಯ ಬೆರಳೇ ಬೇಕಿತ್ತು.

ದಾಕ್ಷಾಯಣಿಯ ಗಂಡ ಈರಣ್ಣ ಗೇಟಿನೆದುರು ಖಾನಾವಳಿ ನಡೆಸುತ್ತಿದ್ದ. ಮುಂದೆ ಮೇಜುಗಳು, ಹಿಂದೆ ಅಡುಗೆಮನೆ, ಅದರ ಹಿಂದೆ ಅವರ ಮನೆ. ಮಧ್ಯಾಹ್ನ ಆಕೆ ಊಟಕ್ಕೆ ಬಂದಾಗ ಒಲೆಯ ಹತ್ತಿರ ಒಬ್ಬ ಹುಡುಗಿ ಎರಡೂ ಕೈಯನ್ನು ಮಜ್ಜಿಗೆಯ ಬೋಗುಣಿಯಲ್ಲಿ ಅದ್ದಿಕೊಂಡು ಕೂತಿದ್ದಳು. ರೇಣುಕಾ ತಳವಾರ, ಬಿ.ಎಸ್ಸಿ. ಎರಡನೆಯ ವರ್ಷ. ಕೆಂಪು ಚುಕ್ಕೆಗಳಲ್ಲಿ ಮೊದಲನೆಯ ಸಾಲಿನಲ್ಲೇ ಇದ್ದ ಹೆಸರು.

“ಕಾಯಿ ಬಿಡಿಸಿ ಬಂದಾಳ,” ಎಂದ ಈರಣ್ಣ, ರೊಟ್ಟಿ ತಿರುವುತ್ತ. “ಉರೀತಾವಂತ. ಇಕಿ ಕೈಲೆ ಮುಟ್ಟಿದ್ರ ನನ್ನ ಚಟ್ನಿಗೆ ಬ್ಯಾರೆ ಖಾರಾ ಹಾಕೂದs ಬ್ಯಾಡ.”

“ಸುಮ್ನಿರ್ರೀ ಕಾಕಾ,” ಎಂದು ನಕ್ಕ ರೇಣುಕಾ, ದಾಕ್ಷಾಯಣಿಯ ಮುಖ ಕಂಡು ನಗು ನಿಲ್ಲಿಸಿದಳು. “ಯಾಕ್ರೀ ಮೇಡಂ?”

“ಇವತ್ತ ಕ್ಲಾಸ್ ಇತ್ತಲ್ಲ ನಿಂದು?”

“ಇತ್ರಿ. ಹಸೀನಾ ಹೋಗ್ಯಾಳ್ರಿ.”

“ಹಸೀನಾ ಹೋದ್ರ ನಿನಗೇನ್ ಬಂತು?”

ಹುಡುಗಿ ಕೈಯನ್ನು ಮಜ್ಜಿಗೆಯಿಂದ ತೆಗೆದು, ಊದಿಕೊಂಡು, ಇಷ್ಟು ಸರಳ ಮಾತು ಇವರಿಗೆ ಹೇಗೆ ತಿಳಿಯಲಿಲ್ಲ ಎಂಬಂತೆ ನೋಡಿದಳು. “ಮುಯ್ಯಿರಿ ಮೇಡಂ.”

ಆ ಸೀಮೆಯಲ್ಲಿ ಮುಯ್ಯಿ ಎಂದರೆ ಎಲ್ಲರಿಗೂ ಗೊತ್ತು. ಇವತ್ತು ನಿನ್ನ ಹೊಲಕ್ಕೆ ನಾನು ಆಳಾಗಿ ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ಇದರಲ್ಲಿ ಕೂಲಿಯಿಲ್ಲ, ಬರೆದಿಡುವುದಿಲ್ಲ. ಯಾರ ಮುಯ್ಯಿ ಯಾರ ಮೇಲಿದೆ ಎಂಬುದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದೇ ಅದರ ರಿವಾಜು. ಉಂಡ ಮುಯ್ಯಿಯನ್ನು ಮುಚ್ಚಿಟ್ಟವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ಮಕ್ಕಳು ಇದನ್ನೇ ತರಗತಿಗೆ ತಂದಿದ್ದರು. ಜೋಡಿಯಲ್ಲಿ ಒಬ್ಬರು ಪಾಠಕ್ಕೆ, ಒಬ್ಬರು ಮೆಣಸಿನಕಾಯಿ ಹೊಲಕ್ಕೆ, ಮರುದಿನ ಅದಲುಬದಲು. ಕೂಲಿಯಲ್ಲಿ ಇಬ್ಬರಿಗೂ ಸಮಪಾಲು. ಹೊಲದಿಂದ ಬರುವ ಟ್ರ್ಯಾಕ್ಟರಿನಲ್ಲಿ, ಹಾಸ್ಟೆಲಿನ ಮೆಟ್ಟಿಲ ಮೇಲೆ, ಕೇಳಿ ಬಂದವರು ಕೇಳದವರಿಗೆ ಹೇಳಬೇಕು. ಸುಮ್ಮನೆ ಒಪ್ಪಿಸಿ ಎದ್ದರೆ ನಡೆಯದು. ಎದುರಿನವರಿಗೆ ತಿಳಿಯುವ ತನಕ ಮುಯ್ಯಿ ತೀರುವುದಿಲ್ಲ. ಒಂದು ಹಂಗಾಮು ದುಡಿದರೆ ವರ್ಷದ ಹಾಸ್ಟೆಲ್ ಖರ್ಚು ಹುಟ್ಟುತ್ತಿತ್ತು.

“ನಮ್ಮವ್ವ ನನ್ನ ಮದಿವಿ ಸುದ್ದಿ ತಗದಿದ್ಲ್ರಿ,” ಎಂದಳು ರೇಣುಕಾ, ದಾಕ್ಷಾಯಣಿ ಕೆಂಪು ಚುಕ್ಕೆಗಳ ಸಂಗತಿ ಹೇಳಿದ ಮೇಲೆ. “ನನ್ನ ರೊಕ್ಕಾ ನಾನs ತುಂಬ್ತೀನಿ ಅಂದಮ್ಯಾಲ ಸುಮ್ನಾಗ್ಯಾಳ. ಹೆಸರು ಹೋತಂದ್ರ ಮುಂದಿನ ವಾರs ನೋಡಾಕ ಬರ್ತಾರ.”

ಅವಳು ಹೋದ ಮೇಲೆ ದಾಕ್ಷಾಯಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಪರದೆಯ ಮೇಲಿನ ನಾನೂರು ಚುಕ್ಕೆಗಳಿಗೂ ಹೀಗೆ ಒಂದೊಂದು ಮನೆ, ಕಾದು ಕೂತ ಒಬ್ಬೊಬ್ಬ ತಾಯಿ.

“ಸ್ಥಳತೂಕಕ್ಕ ಒಪ್ಪತೀನಿ,” ಎಂದಳು.

ಈರಣ್ಣ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಸೋತ್ರ?”

“ನಿಮ್ಮ ಖಾನಾವಳೀನೂ ಮುಚ್ಚತೈತಿ.”

“ಅದನ್ನ ಕೇಳಾಕತ್ತೀನಿ ನಾನು.” ರೊಟ್ಟಿಯನ್ನು ಹಂಚಿಗೆ ಹಾಕಿ ಅವನೇ ಹೇಳಿದ: “ಒಪ್ಪು. ಆದ್ರ ಒಂದ್ ಮಾತು. ಹುಡುಗರಿಗೆ ಹೇಳು, ಕೇಳಿದಷ್ಟಕ್ಕs ಉತ್ತರಾ ಕೊಡ್ರಿ ಅಂತ. ನಮ್ಮ ಮಂದಿಗೆ ಒಂದ್ ಕೇಳಿದ್ರ ಹತ್ತ ಹೇಳೂ ಚಟಾ. ತಹಶೀಲ್ದಾರ ದನಾ ಎಷ್ಟವ ಅಂದ್ರ ಹಾಲು ಎಷ್ಟ ಕೊಡ್ತಾವ ಅದನ್ನೂ ಹೇಳಿಬಿಡ್ತಾರ.”

“ಸುಳ್ಳು ಹೇಳ್ರಿ ಅನ್ನೂಣೇನು?”

“ಸುಳ್ಳಲ್ಲs ಮಾರಾಯ್ತಿ. ಬರೇ ಸುರುವಿ ಕುಂದ್ರಬ್ಯಾಡ್ರಿ ಅಂತ.”

ಶುಕ್ರವಾರದ ಮುಂಜಾನೆ ಆಕೆ ಗುಂಡಿಯ ಮೇಲೆ ಬೆರಳಿಟ್ಟಳು. ಗುಡಿಯವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ತಕ್ಕಡಿ ಕ್ಷಣವೂ ತಡೆಯದೆ ನಾಲ್ಕು ಪ್ರಶ್ನೆಗಳ ಮಾದರಿ ಕಳಿಸಿತು. ಯಾವ ದಿನ ವಿದ್ಯಾರ್ಥಿ ತರಗತಿಯಲ್ಲಿ ಇರಲಿಲ್ಲವೋ ಆ ದಿನದ ಪಾಠದ ಮೇಲೆಯೇ ಪ್ರಶ್ನೆ. ಮೊದಲು, ವಿಷಯವನ್ನು ವಿವರಿಸಿ. ಎರಡನೆಯದು, ಅದನ್ನೇ ಬೇರೆ ಉದಾಹರಣೆಯಲ್ಲಿ ಹೇಳಿ. ಮೂರನೆಯದು, ಅದರಲ್ಲಿ ನಿಮಗೆ ತಿಳಿಯದ್ದು ಏನು. ಕೊನೆಯದು, ಇದನ್ನು ನಿಮಗೆ ಯಾರು ಕಲಿಸಿದರು. ಮೊದಲ ಮೂರನ್ನು ಆಕೆ ಎರಡೆರಡು ಸಲ ಓದಿದಳು. ನಾಲ್ಕನೆಯದನ್ನು ಓದಿ ನಿರಾಳವಾಯಿತು. ಅದಕ್ಕಾದರೂ ಮಕ್ಕಳು ತಪ್ಪು ಹೇಳಲಾರರು ಅಂದುಕೊಂಡಳು.

ಆ ದಿನವೇ ಆಕೆ ಭೌತಶಾಸ್ತ್ರದ ಚನ್ನವೀರ ಕುರಡಗಿಯವರನ್ನು ಕಂಡಳು. ಕೆಂಪಾದವರಲ್ಲಿ ಹೆಚ್ಚಿನವರು ಅವರ ತರಗತಿಯವರೇ. ಉದ್ದಕ್ಕೆ ಬಡಕಲಾಗಿ, ಅಂಗಿಯ ತೋಳಿಗೆ ಸದಾ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿದ್ದ ಮನುಷ್ಯ.

“ನಿಮಗ ಗೊತ್ತಿತ್ತs ಇದು?”

“ಅರ್ಧಾ ಕ್ಲಾಸ್ ಖಾಲಿ ಇರತೈತಿ, ಪರೀಕ್ಷಾದಾಗ ಎಲ್ಲಾರೂ ಬರೀತಾರ. ಗೊತ್ತಾಗಲಾರದಕ್ಕ ನಾನೇನ್ ಕುಲಸಚಿವನs?” ಎಂದು ಕಣ್ಣು ಕಿರಿದು ಮಾಡಿದರು. “ನಾನೂ ಪಾಠಾ ಸ್ವಲ್ಪ ತಿರುವಿದೆ. ಬೋರ್ಡಿನ ಮ್ಯಾಲ ಉದ್ದಾನ ಲೆಕ್ಕಾ ಹಾಕಿದ್ರ ಅದು ಹೊಲದತನಾ ಹೋಗಂಗಿಲ್ಲ, ದಾರ್ಯಾಗ ಚೆಲ್ಲತೈತಿ. ಕೈಯಾಗ ಹಿಡಕೊಂಡು ಒಯ್ಯಂಗ ಹೇಳಬೇಕು. ಒಂದು ಚಿತ್ರಾ, ಒಂದು ಮಾತು, ಒಂದು ಪ್ರಶ್ನೆ. ಇಷ್ಟs. ಇದನ್ನ ಕಲೀಲಿಕ್ಕೆ ನನಗs ಎರಡ್ ವರ್ಷ ಹಿಡೀತು.”

“ಯಾರಿಗೂ ಹೇಳಲಿಲ್ಲಲ್ಲ ನೀವು.”

“ಯಾರ್ ಕೇಳಿದ್ರು?”

ಸೋಮವಾರ ಸ್ಥಳತೂಕ. ದೊಡ್ಡ ಸಭಾಂಗಣದಲ್ಲಿ ಇಪ್ಪತ್ತು ಮೇಜು, ಪ್ರತಿ ಮೇಜಿನ ಮೇಲೂ ಅಂಗೈಯಗಲದ ಒಂದು ಪೆಟ್ಟಿಗೆ. ಅದರಿಂದಲೇ ತಕ್ಕಡಿಯ ದನಿ. ಹೊಲದ ಮೇಸ್ತ್ರಿಗಳು ಅಂದು ಆಳು ಸಾಲದೆ ಗೇಟಿನ ಹೊರಗೆ ಬಂದು ನಿಂತು ಬೈಯುತ್ತಿದ್ದರು. ಒಳಗೆ ನಾನೂರು ಮಕ್ಕಳು ಸಾಲು ಹಿಡಿದು, ಒಬ್ಬರ ಬೆನ್ನಿಗೆ ಒಬ್ಬರು ಪಿಸುಗುಟ್ಟುತ್ತಿದ್ದರು. ಮಾತನ್ನು ಅಳೆಯುವ ಕಡೆ ಪಿಸುಗುಟ್ಟಬಾರದೆಂದು ಗುಡಿಯವರು ಓಡಾಡಿ ಗದರಿಸುತ್ತಿದ್ದರು. ಗೋಡೆಯ ಪರದೆಯ ಮೇಲೆ ನಾನೂರಾ ಆರು ಕೆಂಪು ಚುಕ್ಕೆ.

ಮೊದಲು ಕೂತ ಹುಡುಗ ನೀರು ಕೇಳಿದ. ಪೆಟ್ಟಿಗೆ ಕಾಯಿತು. ಅವನು ಕೆಮ್ಮಿ, ನೀರು ಕುಡಿದು, ನಾಲ್ಕಕ್ಕೂ ತಡವರಿಸುತ್ತ ಉತ್ತರ ಹೇಳಿ ಎದ್ದ. ಅವನ ಚುಕ್ಕೆ ಕೆಂಪಾಗಿಯೇ ಉಳಿಯಿತು. ಎರಡನೆಯವನದೂ. ಮೂರನೆಯವಳದೂ. ದಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೋದಳು. ಬೆರಳು ಬಿಳಿಚಿಕೊಂಡರೂ ತಿಳಿಯಲಿಲ್ಲ. ಹತ್ತಾರು ಮಂದಿ ಕೂತೆದ್ದರೂ ಒಂದು ಚುಕ್ಕೆಯೂ ಬಣ್ಣ ಬದಲಿಸಲಿಲ್ಲ.

“ಮುಗೀತು,” ಎಂದರು ಗುಡಿಯವರು, ತಮಗೆ ತಾವೇ.

ರೇಣುಕಾಳ ಸರದಿ ಬಂತು. ದಾಕ್ಷಾಯಣಿ ಆ ಮೇಜಿನ ಹಿಂದೆಯೇ ನಿಂತಳು.

“ಎಂಟ್ರೋಪಿ ಎಂದರೇನು, ವಿವರಿಸಿ,” ಎಂದಿತು ಪೆಟ್ಟಿಗೆ.

ರೇಣುಕಾ ಅಂಗೈ ಒರೆಸಿಕೊಂಡಳು. “ಚೀಲದಾಗಿನ ಮೆಣಸಿನಕಾಯಿ ಕಣದಾಗ ಸುರುವಿದ್ರ ತಾವs ಹರವಿಕೊಂತಾವ್ರಿ. ಹರವಿದ್ದು ತಾನs ಬಂದು ಚೀಲಾ ಸೇರಂಗಿಲ್ಲ. ಸೇರಸ್ಬೇಕಂದ್ರ ಆಳು ಬೇಕು, ಆಳಿಗೆ ಬುತ್ತಿ ಬೇಕು. ಒಂದ್ ಕಡೆ ಒಪ್ಪ ಮಾಡಾಕ ಇನ್ನೊಂದ್ ಕಡೆ ಏನರ ಸುಡಬೇಕು. ಹರವೂ ದಾರಿ ಸಾವಿರ, ಕೂಡೂ ದಾರಿ ಒಂದು. ಆ ದಾರಿಗಳ ಎಣಿಕೀನs ಎಂಟ್ರೋಪಿ.”

“ಬೇರೆ ಉದಾಹರಣೆ ಕೊಡಿ.”

“ಈರಣ್ಣ ಕಾಕಾನ ಖಾನಾವಳಿ ವಗ್ಗರಣಿ ವಾಸನಿರಿ. ಓಣಿ ತುಂಬಾ ಹೊಕ್ಕೈತಿ. ತಿರುಗಿ ಬೋಗುಣಿಗೆ ಬರಂಗಿಲ್ಲ.”

ಸಾಲಿನಲ್ಲಿ ಯಾರೋ ನಕ್ಕರು.

“ನಿಮಗೆ ತಿಳಿಯದ್ದು ಏನು?”

“ಹಂಗಿದ್ರ ಬೀಜದಿಂದ ಗಿಡಾ ಹೆಂಗ್ ಕೂಡತೈತ್ರಿ? ಅಲ್ಲಿ ಏನ್ ಸುಡತೈತಿ ಅಂತ ಹಸೀನಾಗ ಕೇಳಿದ್ನಿ, ಆಕಿಗೂ ಪೂರಾ ಗೊತ್ತಿಲ್ಲ. ಸೂರ್ಯಾ ಇರಬೇಕು ಅಂದ್ಲು.”

ಪೆಟ್ಟಿಗೆ ಕೊನೆಯ ಪ್ರಶ್ನೆಗೆ ಬಂತು.

“ಇದನ್ನು ನಿಮಗೆ ಯಾರು ಕಲಿಸಿದರು?”

ಹುಡುಗಿ ನೆಟ್ಟಗೆ ಕೂತಳು. ನಾಲ್ಕು ಜನರ ಮುಂದೆ ಮುಯ್ಯಿ ಒಪ್ಪಿಕೊಳ್ಳುವಾಗ ಕೂರುವ ಹಾಗೆ. “ಹಸೀನಾ ನದಾಫ್,” ಎಂದಳು, ಎಲ್ಲರಿಗೂ ಕೇಳುವಂತೆ. “ಈ ಪಾಠದ ಮುಯ್ಯಿ ನನ್ನ ಮ್ಯಾಲ ಆಕೀದೈತಿ.”

ಅಷ್ಟು ಹೊತ್ತಿಗೆ ಆಚೆಯ ಮೇಜಿನಲ್ಲಿ ಹಸೀನಾ ತಾನು ತಪ್ಪಿಸಿದ ಪಾಠಕ್ಕೆ ರೇಣುಕಾಳ ಹೆಸರು ಹೇಳಿ ಎದ್ದಿದ್ದಳು. ಪರದೆಯ ಮೇಲೆ ಎರಡು ಚುಕ್ಕೆಗಳ ನಡುವೆ ತೆಳ್ಳನೆಯ ಗೆರೆಯೊಂದು ಮೂಡಿತು. ಎರಡೂ ಒಟ್ಟಿಗೆ ಹಸಿರಾದವು.

ದಾಕ್ಷಾಯಣಿಗೆ ಆಗ ಅರ್ಥವಾಯಿತು. ಜೋಡಿಯ ಇಬ್ಬರೂ ಹೇಳಿ ಮುಗಿಸುವ ತನಕ ತಕ್ಕಡಿ ತೀರ್ಪು ಕೊಡುತ್ತಿರಲಿಲ್ಲ. ಒಂದೇ ತಲೆಗೆ ಎರಡು ಹೆಸರಿದ್ದರೆ ಪಾಠದ ಸಾಲ ಒಂದೇ ಕಡೆಗೆ ಹರಿಯಬೇಕು. ಇಲ್ಲಿ ಎರಡೂ ಕಡೆಗೆ ಹರಿಯುತ್ತಿತ್ತು. ಮೊದಲಿನವರ ಜೋಡಿಗಳು ಸಾಲಿನ ಹಿಂದೆ ಇದ್ದರು, ಅಷ್ಟೆ. ಆಮೇಲೆ ಕೆಂಪು ಚುಕ್ಕೆಗಳು ಹತ್ತು ಹತ್ತಾಗಿ, ಇಪ್ಪತ್ತು ಇಪ್ಪತ್ತಾಗಿ ಹಸಿರಾಗತೊಡಗಿದವು. ಪ್ರತಿ ಮೇಜಿನಿಂದಲೂ ಗಟ್ಟಿ ದನಿಯಲ್ಲಿ ಹೆಸರುಗಳು ಕೇಳುತ್ತಿದ್ದವು: ಮಾಬೂಸಾಬ್ ಕಲಿಸಿದ, ಶಿಲ್ಪಾ ಕಲಿಸಿದಳು, ಕೆಳಗಿನ ಓಣಿ ಫಕ್ಕೀರೇಶ ಕಲಿಸಿದ. ಒಬ್ಬರೂ ಮುಯ್ಯಿ ಮುಚ್ಚಿಡಲಿಲ್ಲ. ನಾಲ್ಕು ಗಂಟೆಗೆ ಕೊನೆಯ ಚುಕ್ಕೆ ಹಸಿರಾದಾಗ ಗುಡಿಯವರು ಕುರ್ಚಿಯ ಮೇಲೆ ಕುಸಿದು ಕೂತು, ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಈರಣ್ಣ ಖಾನಾವಳಿಯಿಂದ ಎರಡು ಬುಟ್ಟಿ ಮಂಡಕ್ಕಿ ಹೊರಿಸಿಕೊಂಡು ಬಂದು ಹಂಚಿದ.

ಮಂಡಕ್ಕಿ ಇನ್ನೂ ಕೈಯಲ್ಲಿರುವಾಗಲೇ ಪರದೆ ಮಿನುಗಿತು.

‘ಎಲ್ಲ ಹೆಸರುಗಳೂ ಅಸಲಿ. ಸ್ಥಳತೂಕ ಯಶಸ್ವಿ. ಸಾಕ್ಷ್ಯದ ಪ್ರಕಾರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ವಿಭಾಗಗಳಲ್ಲಿ ಕಲಿಕೆಯ ಅರ್ಧ ಭಾಗ ಬೋಧಕರಿಲ್ಲದೆ, ವೆಚ್ಚವಿಲ್ಲದೆ ನಡೆಯುತ್ತಿರುವುದು ದೃಢಪಟ್ಟಿದೆ. ಬೋಧನೆಯ ಅನುದಾನವನ್ನು ಅದಕ್ಕೆ ತಕ್ಕಂತೆ ಮರುಹಂಚಲಾಗಿದೆ. ಹೆಚ್ಚುವರಿಯೆಂದು ರದ್ದಾದ ಹುದ್ದೆಗಳು: ಹನ್ನೊಂದು.’

ಮೊದಲ ಹೆಸರು ಚನ್ನವೀರ ಕುರಡಗಿ. ಅವರ ತರಗತಿಯಲ್ಲೇ ಮುಯ್ಯಿ ಹೆಚ್ಚು ನಡೆದಿತ್ತು.

ರೇಣುಕಾ ಎಲ್ಲರಿಗಿಂತ ಮೊದಲು ಪೆಟ್ಟಿಗೆಯ ಕಡೆಗೆ ಓಡಿದಳು. “ಸರ್ ಕಲಿಸ್ಯಾರ್ರೀ! ಆ ಮೆಣಸಿನಕಾಯಿ ಮಾತು ಸರ್‌ದು! ಹಸೀನಾಗ ಹೇಳಿದಾವ್ರು ಅವ್ರು!”

“ಮೊದಲ ಸಾಕ್ಷ್ಯವನ್ನು ಸ್ವೀಕರಿಸಲಾಗಿದೆ,” ಎಂದಿತು ಪೆಟ್ಟಿಗೆ. “ಫಲಿತಾಂಶ ತಿಳಿದ ಮೇಲಿನ ಸಾಕ್ಷ್ಯಕ್ಕೆ ತೂಕವಿಲ್ಲ.”

ದಾಕ್ಷಾಯಣಿ ತನ್ನ ಕೋಣೆಗೆ ಓಡಿ ರಾಜಧಾನಿಯ ಮೇಲ್ಮನವಿ ಕಚೇರಿಗೆ ಕರೆ ಮಾಡಿದಳು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮಾತಿನವನು. ಎಲ್ಲ ಕೇಳಿಸಿಕೊಂಡ. “ಮೇಡಂ, ನೀವೇ ಸ್ಥಳತೂಕ ಕೇಳಿದ್ದು. ಮಕ್ಕಳು ಸುಳ್ಳು ಹೇಳಿದ್ರು ಅಂತ ಬರೆದು ಕೊಡಿ, ಸ್ಥಳತೂಕವೇ ರದ್ದಾಗಿ ಪೋಸ್ಟ್ ಉಳಿಯುತ್ತೆ. ಆದ್ರೆ ಹೆಸರುಗಳು ಮತ್ತೆ ಕೆಂಪಾಗ್ತವೆ.”

ಆಕೆ ಫೋನು ಹಿಡಿದುಕೊಂಡೇ ಇದ್ದಳು. ಒಂದು ಕಡೆ ನಾನೂರು ಮಕ್ಕಳು, ಇನ್ನೊಂದು ಕಡೆ ಹನ್ನೊಂದು ಸಂಸಾರ. ಬಾಗಿಲಲ್ಲಿ ಯಾರೋ ನಿಂತ ಹಾಗಾಗಿ ತಿರುಗಿದಳು. ಕುರಡಗಿಯವರು. ಅವರಿಗೆ ಎಲ್ಲ ಕೇಳಿಸಿತ್ತು.

“ಇಡ್ರಿ ಫೋನು,” ಎಂದರು.

“ಸರ್, ನಾಲ್ಕನೇ ಪ್ರಶ್ನೆ ನಾನು ಓದಿದ್ನಿ. ಶುಕ್ರವಾರನs ಓದಿದ್ನಿ. ಹುಡುಗರ ಬಗ್ಗೆ ಅಷ್ಟs ವಿಚಾರ ಮಾಡಿದೆ. ನಿಮ್ಮ ಬಗ್ಗೆ ಮಾಡಲಿಲ್ಲ.”

“ಮಾಡಿದ್ರ ಏನ್ ಮಾಡ್ತಿದ್ರಿ? ಕುರಡಗಿ ಸರ್ ಹೆಸರು ಹೇಳ್ರಿ ಅಂತ ಹುಡುಗರಿಗೆ ಬಾಯಿಪಾಠ ಮಾಡಸ್ತಿದ್ರಿ. ನಾನೂರು ಬಾಯಾಗ ಒಂದs ಹೆಸರು ಬಂದಿದ್ರ ತಕ್ಕಡಿ ಪಟ್ನ ಹಿಡೀತಿತ್ತು.” ಅವರು ಒಳಗೆ ಬಂದು ಕೂತರು. “ಸಿಟ್ಟಿಲ್ಲಂತ ಹೇಳಂಗಿಲ್ಲ. ಮಗಳದು ಮೆಡಿಕಲ್ ಎರಡನೇ ವರ್ಷ. ಮನ್ಯಾಗ ಹೆಂಗ್ ಹೇಳಲಿ ಅದು ತಿಳೀವಲ್ದು,” ಎಂದರು. “ಆದ್ರ ಆ ಹುಡುಗೀನ್ನ ಸುಳ್ಳುಗಾರ್ತಿ ಅಂತ ಬರೀಬ್ಯಾಡ್ರಿ. ಅಷ್ಟ ಮಾಡ್ರಿ.”

ದಾಕ್ಷಾಯಣಿ ಬರೆಯಲಿಲ್ಲ.

ಮಾರ್ಚಿನಲ್ಲಿ ಹನ್ನೊಂದು ಮಂದಿಯೂ ಹೋದರು. ಕುರಡಗಿಯವರು ಹುಬ್ಬಳ್ಳಿಯ ಒಂದು ಟ್ಯೂಷನ್ ಸಂಸ್ಥೆಗೆ ಸೇರಿದರೆಂದು ಸುದ್ದಿ ಬಂತು, ಅರ್ಧ ಸಂಬಳಕ್ಕೆ. ರೇಣುಕಾಳ ಪರೀಕ್ಷೆ ಆಯಿತು, ಮದುವೆಯ ಮಾತು ನಿಂತೇ ಇತ್ತು. ಜೂನಿನಲ್ಲಿ ಹೊಸ ಮಕ್ಕಳು ಬಂದರು, ಜೋಡಿ ಮಾಡಿಕೊಂಡರು, ಒಬ್ಬರು ಹೊಲಕ್ಕೆ ಹೋದರು, ಒಬ್ಬರು ತರಗತಿಗೆ ಬಂದರು. ಬಂದವರಿಗೆ ಹೊತ್ತು ಒಯ್ಯುವಂಥ ಪಾಠ ಸಿಗಲಿಲ್ಲ. ಭೌತಶಾಸ್ತ್ರಕ್ಕೆ ಉಳಿದಿದ್ದ ಒಬ್ಬರೇ ಉಪನ್ಯಾಸಕರು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ, ಪುಸ್ತಕ ನೋಡಿ ಓದಿಸುತ್ತಿದ್ದರು. ಸಂಜೆ ಟ್ರ್ಯಾಕ್ಟರಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಳಲು ಏನೂ ಇಲ್ಲದೆ ಮೊಬೈಲು ನೋಡುತ್ತ ಬರುತ್ತಿದ್ದರು. ದೀಪಾವಳಿಯ ಹೊತ್ತಿಗೆ ತಕ್ಕಡಿ ಹೊನ್ನಕಟ್ಟಿಯ ಕಲಿಕೆ ಇಳಿದಿದೆ ಎಂದು ತೂಗಿ, ತಾಸಿನ ದರವನ್ನು ಮೂವತ್ತೆಂಟರಿಂದ ಮೂವತ್ತೊಂದಕ್ಕೆ ಇಳಿಸಿತು.

ನಾನೂರಾ ಆರು ಹೆಸರು ಉಳಿದವು, ಅಷ್ಟು ಮಕ್ಕಳೂ ಪದವಿ ಪಡೆದರು. ಅವರ ನಂತರ ಬಂದವರಿಗೆ ಕಲಿಸುವವರು ಉಳಿಯಲಿಲ್ಲ.